ಬಿತ್ತುವ ಮೊದಲೇ ಮುಗಿಯುವ ಬೇಸಾಯ

ಹಿಂಗಾರಿ ಜೋಳದ ಬಗ್ಗೆ ಹೇಳುವವರೆಲ್ಲ ಬಿತ್ತನೆಯಿಂದ ಶುರು ಮಾಡುತ್ತಾರೆ: ಯಾವ ತಳಿ, ಎಕರೆಗೆ ಎಷ್ಟು ಬೀಜ, ಎಷ್ಟು ಡಿಎಪಿ ಗೊಬ್ಬರ. ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ಸಾಲಿನ ನಮ್ಮ ಎಂಟು ಎಕರೆಯ ಉಸ್ತುವಾರಿ ನನ್ನ ಕೈಗೆ ಬಂದ ಮೇಲೆ ನಾನು ಕಂಡುಕೊಂಡದ್ದು ಬೇರೆ. ಕೂರಿಗೆ ಹೊಲಕ್ಕೆ ಇಳಿಯುವ ಹೊತ್ತಿಗೆ ಜೋಳದ ಬೇಸಾಯ ಮುಕ್ಕಾಲು ಪಾಲು ಮುಗಿದಿರುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೊಲ ಬರಿದಾಗಿ ಬಿದ್ದಿರುವಾಗ ಮಾಡಿದ ಕೆಲಸವೇ ಫೆಬ್ರುವರಿಯಲ್ಲಿ ರಾಶಿಯಾಗಿ ಬರುತ್ತದೆ. ಬಿತ್ತಿದ ಮೇಲೆ ಉಳಿಯುವುದು ಕಾವಲು ಮಾತ್ರ.

ಇದಕ್ಕೆ ಕಾರಣ ನಮ್ಮ ಮಳೆ. ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 600 ಮಿ.ಮೀ. ಕೂಡ ಮುಟ್ಟುವುದಿಲ್ಲ. ಅದರಲ್ಲಿ ಹೆಚ್ಚು ಬೀಳುವ ತಿಂಗಳು ಸೆಪ್ಟೆಂಬರ್. ಅಕ್ಟೋಬರ್ ಅರ್ಧ ಕಳೆದರೆ ಮೋಡವನ್ನು ನಂಬಿ ಕೂಡುವಂತಿಲ್ಲ. ಜೋಳ ಬಿತ್ತುವುದು ಮಳೆ ಹೊರಡುವ ಹೊತ್ತಿಗೆ. ಅದು ಮೊಳೆಯುವುದು, ಹೊಡೆ ಹಾಯುವುದು, ಕಾಳು ಕಟ್ಟುವುದು ಎಲ್ಲವೂ ಹಿಂದೆ ಬಿದ್ದು ನೆಲದೊಳಗೆ ಉಳಿದ ಹಸಿಯ ಮೇಲೆ. ಒಂದು ಮೀಟರ್ ಆಳದ ಎರೆ, ಅಂದರೆ ಕಪ್ಪು ಮಣ್ಣು, ಸುಮಾರು 150ರಿಂದ 200 ಮಿ.ಮೀ. ಮಳೆಯಷ್ಟು ನೀರನ್ನು ಬೆಳೆಗೆ ಸಿಗುವಂತೆ ಹಿಡಿದಿಡಬಲ್ಲದು. ಹಿಂದಿನವರು ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ಎರೆ ಹೊಲವೂ ನೀರಿನ ಹಗೇವು. ತುಂಬಿದಷ್ಟನ್ನೇ ತೆಗೆಯಬಹುದು. 'ಡೋಣಿ ಹರಿದರೆ ಓಣಿಯೆಲ್ಲ ಜೋಳ' ಎಂಬ ಗಾದೆಯನ್ನು ನಮ್ಮ ಕಡೆ ಕೂಸುಗಳೂ ಹೇಳುತ್ತವೆ. ಹೊಳೆ ಹರಿದು ಹೋದ ಮೇಲೆ ಹೊಲದಲ್ಲಿ ಎಷ್ಟು ನಿಂತಿತು ಎಂದು ಕೇಳುವವರು ಕಡಿಮೆ.

ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ, ತಿಂಗಳಲ್ಲಿ ಹೆಚ್ಚು ದಿನ ಸೊಲ್ಲಾಪುರದ ಆಚೆ ಇರುತ್ತಾರೆ. ಹೊಲವನ್ನು ನಮ್ಮ ಮಾವ ನೋಡಿಕೊಳ್ಳುತ್ತಿದ್ದರು. ಅವರ ಮಂಡಿ ಕೈಕೊಟ್ಟ ಮೇಲೆ ಅವರು ಬದುವಿನ ಮೇಲೆ ಕುಳಿತು ಹೇಳುವುದು, ನಾನು ಮಾಡಿಸುವುದು ಎಂದಾಯಿತು. ಹೇಳುವುದರಲ್ಲಿ ಅವರಿಗೆ ಸರಿಸಾಟಿ ಇಲ್ಲ. ಕೇಳುವುದರಲ್ಲಿ ನಾನು ಅಷ್ಟೇನೂ ಒಳ್ಳೆಯ ಸೊಸೆಯಲ್ಲ.

ಮೊದಲು ಮಣ್ಣು ಪರೀಕ್ಷೆಯ ವಿಷಯ. ಮಣ್ಣು ಆರೋಗ್ಯ ಕಾರ್ಡ್ ನಮ್ಮ ಮನೆಯಲ್ಲಿ ಮೊದಲೇ ಇತ್ತು. 2015ರ ಫೆಬ್ರುವರಿಯಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಶುರುವಾದ ಯೋಜನೆಯದು. ಹನ್ನೆರಡು ಅಂಶಗಳನ್ನು ಪರೀಕ್ಷಿಸಿ ಬರೆದುಕೊಡುತ್ತಾರೆ. ನಮ್ಮ ಕಾರ್ಡಿನ ಅಂಕಿಗಳೂ ಪಕ್ಕದ ಹೊಲದ ಕಾಕಾ ಅವರ ಕಾರ್ಡಿನ ಅಂಕಿಗಳೂ ಅಕ್ಷರಶಃ ಒಂದೇ ಆಗಿದ್ದವು. ಇದರಲ್ಲಿ ಮೋಸವೇನೂ ಇಲ್ಲ. ಆ ಯೋಜನೆಯ ಕ್ರಮದಲ್ಲಿ ನೀರಾವರಿ ಜಮೀನಿಗೆ ಎರಡೂವರೆ ಹೆಕ್ಟೇರಿಗೊಂದು, ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೊಂದು ಮಾದರಿ ತೆಗೆಯುವುದು. 10 ಹೆಕ್ಟೇರ್ ಎಂದರೆ 25 ಎಕರೆ. ಅಷ್ಟರೊಳಗೆ ನಮ್ಮಲ್ಲಿ ಮೂರು ಬಗೆಯ ನೆಲ ಬರುತ್ತದೆ: ಮೇಲೆ ಗರಸುಕಲ್ಲು ಕಾಣುವ ತೆಳು ನೆಲದ ಮಡ್ಡಿ, ನಡುವೆ ಎರೆ, ಹಳ್ಳದ ಅಂಚಿಗೆ ಕ್ಷಾರದ ಸವುಳು. ಒಂದು ಊರಿಗೆ, ಒಂದು ಹೋಬಳಿಗೆ ಯಾವ ಪೋಷಕಾಂಶದ ಕೊರತೆ ಇದೆ ಎಂದು ತಿಳಿಯಲು ಅದು ಸಾಕು. 2009ರಲ್ಲಿ ರಾಜ್ಯ ಸರ್ಕಾರ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ನಡೆಸಿದ ಭೂಚೇತನ ಯೋಜನೆಯಲ್ಲಿ ಒಣಭೂಮಿಯ ಮಣ್ಣಿಗೆ ಗಂಧಕ, ಜಿಂಕ್, ಬೋರಾನ್ ಕೊರತೆ ವ್ಯಾಪಕವಾಗಿದೆ ಎಂದು ಗೊತ್ತಾದದ್ದು ಇಂಥ ಮಾದರಿಗಳಿಂದಲೇ. ನನ್ನ ಹೊಲಕ್ಕೆ ಏನು ಹಾಕಬೇಕು ಎಂದು ತಿಳಿಯಬೇಕಾದರೆ ಮಣ್ಣನ್ನು ನಾನೇ ತೆಗೆಯಬೇಕು.

ಮೇ ತಿಂಗಳ ಎರೆ ಹೊಲದಲ್ಲಿ ಮಣ್ಣಿನ ಮಾದರಿ ತೆಗೆಯುವುದು ಪುಸ್ತಕದಲ್ಲಿ ಬರೆದಷ್ಟು ಸುಲಭವಲ್ಲ. ನೆಲ ಬಿರಿದು ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಿದ್ದಿರುತ್ತವೆ. ಗಾಳಿಗೆ ಮೇಲಿನ ಮಣ್ಣು, ಕಸ, ಸಗಣಿಯ ಪುಡಿ ಎಲ್ಲ ಅದರೊಳಗೆ ಬೀಳುತ್ತದೆ. ಬಿರುಕಿನ ಅಂಚಿನಲ್ಲಿ ಸಲಿಕೆ ಹಾಕಿದರೆ ಬರುವುದು ಕಲಸಿದ ಮಣ್ಣು. ಹಾಗಾಗಿ ಬಿರುಕುಗಳ ನಡುವಿನ ಗಟ್ಟಿ ಹೆಂಟೆಯ ಜಾಗವನ್ನೇ ಹುಡುಕಿ, ಮೇಲಿನ ಕಸ ಸರಿಸಿ, ಆರು ಇಂಚು ಆಳದ ಇಳಿಜಾರು ಗುಂಡಿ ತೋಡಿ, ಅದರ ಒಂದು ಮಗ್ಗುಲಿನಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರ ಕೆರೆದು ತೆಗೆಯಬೇಕು. ಬದುವಿನ ಹತ್ತಿರ, ಬೇವಿನ ಮರದ ಕೆಳಗೆ, ತಿಪ್ಪೆಗೊಬ್ಬರ ಗುಡ್ಡೆ ಹಾಕಿದ್ದ ಜಾಗದಲ್ಲಿ ತೆಗೆಯಬಾರದು. ಹೊಲದ ಉದ್ದಕ್ಕೂ ಅಡ್ಡಾದಿಡ್ಡಿ ನಡೆಯುತ್ತ ಹಲವು ಕಡೆ ತೆಗೆದ ಮಣ್ಣನ್ನು ಗೋಣಿಯ ಮೇಲೆ ಹರಡಿ, ಹೆಂಟೆ ಒಡೆದು, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ಪಾಲು ಮಾಡುತ್ತ ಅರ್ಧ ಕಿಲೋಗೆ ತರಬೇಕು. ಒಣಗಿಸುವುದು ನೆರಳಿನಲ್ಲಿ. ತುಂಬುವುದು ಬಟ್ಟೆಯ ಚೀಲದಲ್ಲಿ. ಗೊಬ್ಬರದ ಖಾಲಿ ಚೀಲದಲ್ಲಿ ತುಂಬಿ ಕಳಿಸಿದರೆ ಪರೀಕ್ಷೆಯಾಗುವುದು ಗೊಬ್ಬರದ್ದು.

ಮಡ್ಡಿಯದು ಒಂದು, ಎರೆಯದು ಒಂದು, ಹಳ್ಳದ ಮೂಲೆಯದು ಒಂದು ಎಂದು ಬೇರೆ ಬೇರೆ ಚೀಲ ಕಟ್ಟಿ, ಹೆಸರು, ಸರ್ವೆ ನಂಬರು, ಬಿತ್ತಲಿರುವ ಬೆಳೆ ಎಲ್ಲ ಬರೆದ ಚೀಟಿ ಇಟ್ಟೆ. ಮಾವ ನೋಡುತ್ತ ಕುಳಿತಿದ್ದರು. "ಮಣ್ಣಿಗೆ ಹೆಸರು, ವಿಳಾಸ ಬರೆದು ಕಳಿಸುತ್ತೀಯಲ್ಲವ್ವ, ಅದೇನು ಬೀಗರ ಊರಿಗೆ ಹೋಗುತ್ತದೆಯೇ?" ಎಂದರು. ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಬಂದೆ. ಫಲಿತಾಂಶ ಬರುವಷ್ಟರಲ್ಲಿ ಮುಂಗಾರು ಶುರುವಾಗಿತ್ತು. ಹಿಂಗಾರಿ ಬಿತ್ತುವ ನಮಗೆ ಅದರಿಂದ ತೊಂದರೆಯಿಲ್ಲ, ಮುಂಗಾರಿ ಬಿತ್ತುವವರು ಮಾರ್ಚ್‌ನಲ್ಲೇ ಕೊಡುವುದು ಒಳ್ಳೆಯದು.

ಬಂದ ಹಾಳೆಯಲ್ಲಿ ಎರೆಯ ರಸಸಾರ (ಪಿಎಚ್) 8.4, ಸಾವಯವ ಇಂಗಾಲ ಶೇ. 0.41, ಸಾರಜನಕ ಕಡಿಮೆ, ರಂಜಕ ಕಡಿಮೆ, ಪೊಟ್ಯಾಶ್ ಹೆಚ್ಚು, ಜಿಂಕ್ 0.4 ಪಿಪಿಎಂ (ಹತ್ತು ಲಕ್ಷದಲ್ಲಿ ಪಾಲು). ಜಿಂಕ್ 0.6ಕ್ಕಿಂತ ಕೆಳಗೆ ಇದ್ದರೆ ಕೊರತೆ ಎಂದು ಲೆಕ್ಕ. ಪೊಟ್ಯಾಶ್ ಹೆಚ್ಚಿರುವುದು ನಮ್ಮ ಕಡೆಯ ಎರೆ ಮಣ್ಣಿನ ಹುಟ್ಟುಗುಣ. ಹಾಗಿದ್ದೂ ಅಂಗಡಿಯಲ್ಲಿ ಡಿಎಪಿ ಸಿಗದ ದಿನ ಕೈಗೆ ಕೊಡುವುದು ಪೊಟ್ಯಾಶ್ ಬೆರೆತ ಮಿಶ್ರಗೊಬ್ಬರವನ್ನೇ. ಹೊಲದಲ್ಲಿ ಇರುವುದನ್ನೇ ದುಡ್ಡು ಕೊಟ್ಟು ತಂದು ಹಾಕುವ ಈ ವ್ಯವಹಾರ ನಮ್ಮ ಊರಿನಲ್ಲಿ ವರ್ಷಗಳಿಂದ ನಡೆದಿದೆ. ನನ್ನ ಮಟ್ಟಿಗೆ ಆ ಹಾಳೆಯಿಂದ ಆದ ನೇರ ಉಳಿತಾಯ ಇದೊಂದೇ, ಅದೇನು ಸಣ್ಣದಲ್ಲ.

ಶಿಫಾರಸು ಎಕರೆಗೆ 20 ಕಿಲೋ ಸಾರಜನಕ, 10 ಕಿಲೋ ರಂಜಕ ಎಂದಿತ್ತು. ಇದನ್ನು ಚೀಲದ ಲೆಕ್ಕಕ್ಕೆ ಇಳಿಸದಿದ್ದರೆ ಯಾರಿಗೂ ಉಪಯೋಗವಿಲ್ಲ. 50 ಕಿಲೋದ ಡಿಎಪಿ ಚೀಲದಲ್ಲಿ 23 ಕಿಲೋ ರಂಜಕ, 9 ಕಿಲೋ ಸಾರಜನಕ ಇರುತ್ತದೆ. ಎಕರೆಗೆ 22 ಕಿಲೋ ಡಿಎಪಿ ಹಾಕಿದರೆ ರಂಜಕದ ಬಾಬು ಮುಗಿಯಿತು, ಜೊತೆಗೆ ನಾಲ್ಕು ಕಿಲೋ ಸಾರಜನಕವೂ ಬಂತು. ಉಳಿದ 16 ಕಿಲೋ ಸಾರಜನಕಕ್ಕೆ 35 ಕಿಲೋ ಯೂರಿಯಾ. ಈಗಿನ 45 ಕಿಲೋ ಚೀಲದ ಮುಕ್ಕಾಲಿಗಿಂತ ತುಸು ಹೆಚ್ಚು. ಜಿಂಕ್ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಬಾರದು. ಎರಡೂ ಸೇರಿ ಗಟ್ಟಿಯಾಗಿ ಬೇರಿಗೆ ಸಿಗದಂತಾಗುತ್ತವೆ. ಅದನ್ನು ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಬೇರೆಯಾಗಿ ಹಾಕಬೇಕು.

ಇಂಗಾಲದ ಅಂಕಿಯ ಮೇಲೆ ನನ್ನ ಕಣ್ಣು ಹೆಚ್ಚು ಹೊತ್ತು ನಿಂತಿತು. ಶೇ. 0.5ಕ್ಕಿಂತ ಕೆಳಗೆ ಎಂದರೆ ಬಡವ. ಮಡ್ಡಿಯದು 0.33. ಅದು ಹೇಗೆ ಬಡವಾಯಿತು ಎಂಬುದಕ್ಕೆ ಪ್ರಯೋಗಾಲಯ ಬೇಕಿಲ್ಲ, ನಮ್ಮ ಕೊಟ್ಟಿಗೆ ಸಾಕು. ನಮ್ಮಲ್ಲಿ ಜೋಳವನ್ನು ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ತೆನೆ ಮನೆಗೆ, ಕಣಿಕೆ (ಒಣ ದಂಟು) ಬಣವಿಗೆ, ಬೇರಿನ ಗಡ್ಡೆ ಒಲೆಗೆ. ಹೊಲದಲ್ಲಿ ಉಳಿಯುವುದು ಏನೂ ಇಲ್ಲ. ಹಿಂದೆ ಆ ಕಣಿಕೆ ಎತ್ತಿನ ಹೊಟ್ಟೆಗೆ ಹೋಗಿ ಸಗಣಿಯಾಗಿ ತಿಪ್ಪೆಗೆ ಬಂದು ಹೊಲಕ್ಕೆ ಮರಳುತ್ತಿತ್ತು. ಮನೆಗೆ ಎರಡು ಜೋಡಿ ಎತ್ತಿದ್ದಾಗ ಈ ಲೆಕ್ಕ ಸರಿಹೋಗುತ್ತಿತ್ತು. ಈಗ ಇಡೀ ಊರಿಗೆ ಬೆರಳೆಣಿಕೆಯಷ್ಟು ಜೋಡಿಗಳಿವೆ; ಕಣಿಕೆ ಟ್ರ್ಯಾಕ್ಟರಿನಲ್ಲಿ ಹಾಲಿನ ಊರುಗಳಿಗೆ ಮಾರಾಟವಾಗಿ ಹೋಗುತ್ತದೆ, ಟ್ರ್ಯಾಕ್ಟರ್ ಸಗಣಿ ಹಾಕುವುದಿಲ್ಲ. ಮಣ್ಣಿನ ಇಂಗಾಲ ಏಕೆ ಇಳಿಯಿತು ಎಂದು ಸಭೆಗಳಲ್ಲಿ ಕೇಳುವ ಅಧಿಕಾರಿಗಳು ಎತ್ತಿನ ಸಂತೆಗೆ ಒಮ್ಮೆ ಹೋಗಿ ಬರಬೇಕು.

ಇಷ್ಟೆಲ್ಲ ಹೇಳುವ ಆ ಹಾಳೆ ಒಂದು ವಿಷಯ ಹೇಳುವುದಿಲ್ಲ: ನೆಲ ಎಷ್ಟು ಆಳವಿದೆ, ಅದರಲ್ಲಿ ಎಷ್ಟು ಹಸಿ ಇದೆ. ಮಡ್ಡಿಗೂ ಎರೆಗೂ ಬಂದ ಶಿಫಾರಸು ಹೆಚ್ಚು ಕಡಿಮೆ ಒಂದೇ. ಆದರೆ ಮಡ್ಡಿಯಲ್ಲಿ ಒಂದೂವರೆ ಅಡಿಗೆ ಗರಸು ಬಡಿಯುತ್ತದೆ. ಅಷ್ಟು ತೆಳುವಾದ ನೆಲ ಎಷ್ಟು ಮಳೆ ಬಂದರೂ ಹಿಂಗಾರಿಗೆ ನೀರು ಉಳಿಸಿಕೊಳ್ಳಲಾರದು. ಅದಕ್ಕೆ ಮಳೆ ಬೀಳುತ್ತಿರುವಾಗಲೇ ಬೆಳೆ ನಿಂತಿರಬೇಕು. ಹಾಗಾಗಿ ಮಡ್ಡಿಯ ಎರಡೂವರೆ ಎಕರೆಗೆ ಮುಂಗಾರಿಯಲ್ಲೇ ಸಜ್ಜೆ, ನಡುವೆ ತೊಗರಿ ಸಾಲು ಹಾಕುವುದೆಂದು ತೀರ್ಮಾನವಾಯಿತು. ಮಾವ ಇದಕ್ಕೆ ತಕರಾರು ಮಾಡಲಿಲ್ಲ. ಅವರ ಅಪ್ಪನೂ ಹಾಗೆಯೇ ಮಾಡುತ್ತಿದ್ದರಂತೆ. ನಡುವೆ ಜೋಳಕ್ಕೆ ಬದಲಾದದ್ದು ಏಕೆ ಎಂದರೆ, ಎಲ್ಲ ಒಂದೇ ಬೆಳೆಯಾದರೆ ಆಳು ಹಚ್ಚುವುದು ಸುಲಭ ಎಂದರು.

ಜಗಳವಾದದ್ದು ಚೌಕುಮಡಿಯ ಮೇಲೆ, ಅಂದರೆ ಹೊಲದಲ್ಲಿ ಸಣ್ಣ ಬದುಗಳ ಚೌಕ ಕಟ್ಟುವುದರ ಮೇಲೆ. ಒಣ ಎರೆ ಮಣ್ಣು ಮೊದಲ ಮಳೆಯನ್ನು ಬಿರುಕಿನೊಳಗೆ ಗಟಗಟನೆ ಕುಡಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ನೀರು ಇಳಿಯುವ ವೇಗ ಬಹಳ ನಿಧಾನ. ಆಗ ಜೋರು ಮಳೆ ಬಂದರೆ ಅರ್ಧಕ್ಕರ್ಧ ಹಳ್ಳದ ಪಾಲು, ಜೊತೆಗೆ ಮೇಲಿನ ಸತ್ವದ ಮಣ್ಣೂ ಹೋಗುತ್ತದೆ. ಹೊಲವನ್ನು ಹನ್ನೆರಡರಿಂದ ಹದಿನೈದು ಅಡಿಯ ಚೌಕಗಳಾಗಿ ಸಣ್ಣ ಬದು ಹಾಕಿ ಕಟ್ಟಿದರೆ ಬಿದ್ದ ನೀರು ಬಿದ್ದಲ್ಲೇ ನಿಂತು ಇಂಗುತ್ತದೆ. ಇಳಿಜಾರು ಶೇ. 1ರೊಳಗೆ ಇರುವ ನಮ್ಮಂಥ ಹೊಲಕ್ಕೆ ಇದು ಹೇಳಿಮಾಡಿಸಿದ್ದು. ಹೊಸದೇನೂ ಅಲ್ಲ. ನೀರು ನಿಲ್ಲಿಸುವ ಒಣಬೇಸಾಯದ ಕ್ರಮಗಳ ಮೇಲೆ ಆಗಿನ ಬಿಜಾಪುರದಲ್ಲಿ 1930ರ ದಶಕದಿಂದಲೇ ಸಂಶೋಧನೆ ನಡೆದಿದೆ. ಹಿಟ್ನಳ್ಳಿಯ ಕೃಷಿ ಸಂಶೋಧನಾ ಕ್ಷೇತ್ರಕ್ಕೆ ಹೋದವರೆಲ್ಲ ಮಡಿ ಕಟ್ಟಿದ ಹೊಲ ನೋಡಿಯೇ ಬಂದಿರುತ್ತಾರೆ. ನೋಡಿ ಬಂದು ಕಟ್ಟುವವರು ಕಡಿಮೆ.

"ಒಡ್ಡು ಇದೆಯಲ್ಲ, ಮತ್ತೆ ಮಡಿ ಏಕೆ?" ಎಂಬುದು ಮಾವನ ವಾದ. ನಮ್ಮ ಹೊಲದ ದೊಡ್ಡ ಒಡ್ಡು 1972ರ ಬರದಲ್ಲಿ ಹಾಕಿದ್ದು; ಬರಗಾಲದ ಕಾಮಗಾರಿಯಲ್ಲಿ ಬುಟ್ಟಿ ಹೊತ್ತವರಲ್ಲಿ ಅವರೂ ಒಬ್ಬರು. ಆ ಒಡ್ಡಿನ ಮೇಲೆ ಅವರಿಗೆ ಮಮತೆ ಹೆಚ್ಚು. ಒಡ್ಡು ನೀರನ್ನು ತಡೆಯುತ್ತದೆ, ಸುಳ್ಳಲ್ಲ. ಆದರೆ ತಡೆದ ನೀರು ನಿಲ್ಲುವುದು ಒಡ್ಡಿನ ಬುಡದ ಹತ್ತು ಹನ್ನೆರಡು ಮಾರು ಜಾಗದಲ್ಲಿ. ಅಲ್ಲಿ ಜೋಳ ಆಳೆತ್ತರ, ಮೇಲಿನ ಹೊಲದಲ್ಲಿ ಸೊಂಟದೆತ್ತರ. ಈ ಮಾತನ್ನು ನಾನು ಹೇಳಿದಾಗ ಅವರು ಒಪ್ಪಲಿಲ್ಲ, ಎಳ್ಳಮಾವಾಸ್ಯೆಯ ದಿನ ಪಕ್ಕದ ಕಾಕಾ ಹೇಳಿದಾಗ ಒಪ್ಪಿದರು.

2024ರ ಜೂನ್‌ನಲ್ಲಿ ಮೊದಲ ಮಳೆಗಳು ಬಿದ್ದು ನೆಲ ಹದಕ್ಕೆ ಬಂದಾಗ ಎರಡು ಸಲ ಹರಗಿಸಿ, ಎತ್ತಿನಿಂದ ಎಳೆಯುವ ಮಡಿ ಕಟ್ಟುವ ಸಾಧನವನ್ನು ಬಾಡಿಗೆಗೆ ತಂದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹೊಡೆಸಿದೆವು. ಅಡ್ಡ ಹೊಡೆಯುವಾಗ ಮೊದಲಿನ ಬದು ಮುರಿಯುತ್ತದೆ. ಆ ಕೂಡುಮೂಲೆಗಳನ್ನು ಸಲಿಕೆಯಿಂದ ಮುಚ್ಚಬೇಕು. ಸಾಧನ ಮಾಡಿದ ಕೆಲಸಕ್ಕಿಂತ ಈ ಮೂಲೆ ಮುಚ್ಚುವ ಕೆಲಸಕ್ಕೇ ಹೆಚ್ಚು ಕೂಲಿ ಹೋಯಿತು. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ. ಬದು ಅರ್ಧ ಅಡಿ ಎತ್ತರ ಬಂದರೆ ಸಾಕು. ಹೋಲಿಸಿ ನೋಡಲೆಂದು ಒಂದು ಪಟ್ಟಿಯನ್ನು ಮಡಿ ಕಟ್ಟದೆ ಬಿಟ್ಟೆ. ಮಾವ ಅದನ್ನು ತಮ್ಮ ಪಟ್ಟಿ ಎಂದು ಕರೆಯತೊಡಗಿದರು.

ಮಡಿಯ ಇನ್ನೊಂದು ತೊಂದರೆ ಕಳೆ. ಬರಿಹೊಲವಾದರೆ ಮಳೆ ಬಂದಾಗಲೆಲ್ಲ ಕುಂಟೆ ಹೊಡೆದು ಕಸ ಸಾಯಿಸಬಹುದು. ಮಡಿ ಕಟ್ಟಿದ ಮೇಲೆ ಕುಂಟೆ ಆಡುವುದಿಲ್ಲ. ಕಸ ಬೆಳೆದರೆ, ನಾವು ನಿಲ್ಲಿಸಿದ ನೀರನ್ನು ಅದೇ ಕುಡಿದು ಮುಗಿಸುತ್ತದೆ. ಆಗಸ್ಟ್‌ನಲ್ಲಿ ಹೊಲ ಹಸಿರಾಗಿ ಕಾಣುತ್ತಿದ್ದರೆ ಹಿಂಗಾರಿಯವನ ಎದೆ ಒಡೆಯಬೇಕು. ಆಳು ಹಚ್ಚಿ ಕಸ ತೆಗೆಸಿದೆ. ಮಡಿ ಮುರಿದು ಹರಗಿ ಮತ್ತೆ ಕಟ್ಟುವವರೂ ಇದ್ದಾರೆ. ಖರ್ಚು ನೋಡಿದರೆ ಎರಡೂ ಅಷ್ಟೇ.

ಎರೆಯ ಕೆಳಗಿನ ಒಂದು ಎಕರೆಗೆ ಮಡಿಯ ಬದಲು ಸೆಣಬು ಚೆಲ್ಲಿ, ಹೂ ಬಿಡುವ ಹೊತ್ತಿಗೆ ಆಗಸ್ಟ್‌ನಲ್ಲಿ ಮಣ್ಣಿಗೆ ಸೇರಿಸಿದೆವು. ಇಂಗಾಲ ಹೆಚ್ಚಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ತಿಳಿದಿಲ್ಲ. ಆದರೆ ಸೆಣಬೂ ನೀರು ಕುಡಿಯುವ ಬೆಳೆಯೇ. ಅದನ್ನು ಮುರಿದ ಮೇಲೆ ಸೆಪ್ಟೆಂಬರಿನ ಮಳೆ ನೆಲವನ್ನು ಮತ್ತೆ ತುಂಬುತ್ತದೆ ಎಂಬ ಭರವಸೆಯ ಮೇಲೆ ಮಾಡುವ ಕೆಲಸ ಇದು. ಜುಲೈ ಪೂರ್ತಿ ಒಣಗಿದ ವರ್ಷ ಇದನ್ನು ಮಾಡಬಾರದು.

ಬಿತ್ತನೆಗೆ ಮುಂಚೆ ನಾನು ಮಾಡುವ ಒಂದು ಪರೀಕ್ಷೆಗೆ ಯಾವ ಕಚೇರಿಯೂ ಬೇಕಿಲ್ಲ. ಬೆರಳು ದಪ್ಪದ, ನಾಲ್ಕಡಿ ಉದ್ದದ ಕಬ್ಬಿಣದ ಸರಳು, ಮೇಲೆ ಹಿಡಿಯಲು ಅಡ್ಡ ತುಂಡು ಬೆಸುಗೆ ಹಾಕಿಸಿದ್ದು. ಮಳೆ ನಿಂತು ಎರಡು ದಿನ ಬಿಟ್ಟು ಹೊಲದಲ್ಲಿ ಅದನ್ನು ಒತ್ತಬೇಕು. ಹಸಿ ಇರುವವರೆಗೆ ಸರಾಗವಾಗಿ ಇಳಿಯುತ್ತದೆ, ಒಣ ಮಣ್ಣು ತಾಗಿದ ಕೂಡಲೇ ನಿಲ್ಲುತ್ತದೆ. ಕಲ್ಲಿಗೆ ತಾಗಿ ನಿಂತರೆ ಠಣ್ ಎಂಬ ಸದ್ದು ಬೇರೆ. 2023ರ ಬರದ ವರ್ಷ ಎರೆಯಲ್ಲಿ ಅದು ಒಂದೂವರೆ ಅಡಿಯೂ ಇಳಿಯಲಿಲ್ಲ. ಆ ಸಲ ಜೋಳದ ಆಸೆ ಬಿಟ್ಟು, ಕೆಳಗಿನ ಎರಡು ಎಕರೆಗೆ ಮಾತ್ರ ಕಡಲೆ ಹಾಕಿ ಸುಮ್ಮನಾದೆವು. ಊರಿನ ಬಹಳ ಮಂದಿ ಜೋಳ ಬಿತ್ತಿ ಕಣಿಕೆಯನ್ನಷ್ಟೇ ಕಂಡರು. 2024ರ ಸೆಪ್ಟೆಂಬರ್ ಕೊನೆಗೆ, ಉತ್ತರಿ ಮಳೆ ಕಳೆದು ಹಸ್ತ ಹಿಡಿಯುವ ಹೊತ್ತಿಗೆ, ಮಡಿ ಕಟ್ಟಿದ ಕಡೆ ಸರಳು ಮೂರಡಿ ದಾಟಿ ಇಳಿಯಿತು. ಮಾವನ ಪಟ್ಟಿಯಲ್ಲಿ ಎರಡಡಿಯ ಆಚೀಚೆ ನಿಂತಿತು. ಅವರು ಕೈಗೆ ಸರಳು ತೆಗೆದುಕೊಂಡು ತಾವೇ ಇನ್ನೊಂದು ಕಡೆ ಒತ್ತಿ ನೋಡಿದರು, ಏನೂ ಹೇಳದೆ ವಾಪಸ್ಸು ಕೊಟ್ಟರು.

ನನ್ನ ನಿಯಮ ಇಷ್ಟು: ಮೂರಡಿ ಹಸಿ ಇದ್ದರೆ ಜೋಳ, ಶಿಫಾರಸಿನ ಪೂರ್ತಿ ಗೊಬ್ಬರ. ಎರಡಡಿ ಇದ್ದರೆ ಜೋಳ, ಆದರೆ ಗೊಬ್ಬರ ಅರ್ಧ, ಗಿಡದಿಂದ ಗಿಡಕ್ಕೆ ಅಂತರ ಹೆಚ್ಚು. ಅದಕ್ಕಿಂತ ಕಡಿಮೆಯಾದರೆ ಕಡಲೆ, ಇಲ್ಲವೇ ಬೀಳು. ಇದು ಕಾರ್ಡಿನಲ್ಲಿ ಇಲ್ಲ, ಇರಲೂ ಸಾಧ್ಯವಿಲ್ಲ. ಕಾರ್ಡು ಬರುವುದು ಹಲವು ವರ್ಷಕ್ಕೊಮ್ಮೆ, ಹಸಿ ಪ್ರತಿ ವರ್ಷದ್ದು.

ಬಿತ್ತನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ನಮ್ಮ ಕಾಲ. ಬಹುಪಾಲು ಹೊಲಕ್ಕೆ ಮಾಲ್ದಂಡಿ, ಅಂದರೆ ಎಂ 35-1. ಸೊಲ್ಲಾಪುರದ ಹತ್ತಿರದ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ತಳಿ, ಇನ್ನೂ ರೊಟ್ಟಿಯ ವಿಷಯದಲ್ಲಿ ಅದನ್ನು ಮೀರಿಸಿದ್ದು ಬಂದಿಲ್ಲ ಎಂದು ನಮ್ಮ ಅತ್ತೆಯ ತೀರ್ಪು. ಆಳವಾದ ಎರಡು ಎಕರೆಗೆ ವಿಜಯಪುರದ ಸಂಶೋಧನಾ ಕೇಂದ್ರದ ಬಿಜೆವಿ-44. ಎಕರೆಗೆ ಮೂರು ಕಿಲೋ ಬೀಜ, ಕಾಡಿಗೆ ರೋಗಕ್ಕೆ ಕಿಲೋಗೆ 4 ಗ್ರಾಂ ಗಂಧಕದ ಪುಡಿ, ಸಾಲಿನಿಂದ ಸಾಲಿಗೆ 18 ಇಂಚು. ಗೊಬ್ಬರ ಪೂರ್ತಿ ಬಿತ್ತುವಾಗಲೇ, ಬೀಜಕ್ಕಿಂತ ಕೆಳಗೆ ಹಸಿಯೊಳಗೆ ಬೀಳಬೇಕು. ಮೇಲೆ ಚೆಲ್ಲಿದ ಗೊಬ್ಬರ ಒಣ ಮಣ್ಣಿನಲ್ಲಿ ಬಿದ್ದಿರುತ್ತದೆಯೇ ಹೊರತು ಬೇರಿಗೆ ಮುಟ್ಟುವುದಿಲ್ಲ. ಹೊಲದ ಸುತ್ತ ಕುಸುಬಿಯ ಸಾಲು ಹಾಕಿದ್ದು ಎಣ್ಣೆಗಾಗಿಯೂ ಹೌದು, ಮುಳ್ಳಿಗೆ ಹೆದರಿ ದನ ಒಳಗೆ ಬಾರದಿರಲಿ ಎಂದೂ ಹೌದು.

ಮೂರು ವಾರಕ್ಕೆ ಸುಳಿನೊಣ ತನ್ನ ಪಾಲು ತೆಗೆದುಕೊಂಡಿತ್ತು. ಎಲೆಯ ಅಡಿಗೆ ಬಿಳಿ ತತ್ತಿ ಇಡುತ್ತದೆ, ಹುಳು ಒಳಗಿಳಿದು ಸುಳಿ ಕತ್ತರಿಸುತ್ತದೆ, ಒಣಗಿದ ಸುಳಿ ಎಳೆದರೆ ಕೈಗೆ ಬರುತ್ತದೆ. ಗಿಡ ತೆಳುವು ಮಾಡುವಾಗ ಅಂಥವನ್ನೇ ಮೊದಲು ಕಿತ್ತು, ಆರಿಂಚಿಗೊಂದರಂತೆ ಗಟ್ಟಿ ಗಿಡ ಉಳಿಸಿದೆವು. ತೆಳುವು ಮಾಡುವುದು ಆಳುಗಳಿಗೆ ಒಗ್ಗದ ಕೆಲಸ, ಬೆಳೆದದ್ದನ್ನು ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಒಂದೊಂದು ಹೆಚ್ಚಿನ ಗಿಡವೂ ಜನವರಿಯ ನೀರಿಗೆ ಬಾಯಿ ಹಾಕುವ ಪಾಲುದಾರ.

ಸಾಲುಗಳ ನಡುವೆ ಕುಂಟೆಯಿಂದ ಎಡೆ ಹೊಡೆಯುವುದು ಮೂರು ಸಲ. ಮೊದಲ ಎರಡು ಕಸಕ್ಕೆ, ಮೂರನೆಯದು ಬಿರುಕಿಗೆ. ಸುಮಾರು ಎಂಟು ವಾರಕ್ಕೆ ಸಾಲಿನ ನಡುವೆ ನೆಲ ಬಿರಿಯಲು ಶುರುವಾಗುತ್ತದೆ. ಬಿರುಕಿನ ಎರಡೂ ಗೋಡೆಗಳಿಂದ ಆಳದ ಹಸಿ ಆರಿಹೋಗುತ್ತದೆ. ಹಲ್ಲುಕುಂಟೆ ಹೊಡೆದು ಮೇಲಿನ ಪುಡಿ ಮಣ್ಣಿನಿಂದ ಬಿರುಕು ಮುಚ್ಚಿಸಬೇಕು. ಕಸವೇ ಇಲ್ಲದ ಹೊಲಕ್ಕೆ ಎಡೆ ಏಕೆ ಎಂದು ಈ ಮೂರನೆಯದನ್ನು ಬಿಡುವವರೇ ಹೆಚ್ಚು.

ಇದೇ ಹೊತ್ತಿಗೆ ಊರಿನಲ್ಲಿ ಮೇಲುಗೊಬ್ಬರದ ಮಾತು ಬಂತು. ಬೆಳೆ ತುಸು ಹಳದಿ ಕಂಡರೆ ಯೂರಿಯಾ ಚೆಲ್ಲುವುದು ಎಲ್ಲರ ಅಭ್ಯಾಸ. ಮಳೆ ಇಲ್ಲದಾಗ ಅದು ಒಂದೋ ವ್ಯರ್ಥ, ಇಲ್ಲವೇ ತುಂತುರು ಬಿದ್ದು ಕರಗಿದರೆ ಎಲೆ ಸೊಂಪಾಗಿ ಬೆಳೆದು ಇದ್ದ ಹಸಿಯನ್ನು ಬೇಗ ಮುಗಿಸುತ್ತದೆ. ಕಾಳು ಹಾಲು ತುಂಬುವ ಹೊತ್ತಿಗೆ ನೆಲ ಒಣಗಿತೆಂದರೆ ಇದ್ದಿಲು ಕೊಳೆ ರೋಗ ಕಾದಿರುತ್ತದೆ. ಒತ್ತಾಗಿ ಬಿತ್ತಿ, ಸಾರಜನಕ ಹೆಚ್ಚು ಕೊಟ್ಟ ಹೊಲಗಳಲ್ಲೇ ಅದರ ಹಾವಳಿ ಹೆಚ್ಚು. ಆ ಜನವರಿಯಲ್ಲಿ ನಮ್ಮಿಂದ ನಾಲ್ಕು ಹೊಲ ಆಚೆ ಕಪ್ಪಗೆ ಮಿರುಗುತ್ತಿದ್ದ ಬೆಳೆ ಬುಡದಲ್ಲಿ ಮುರಿದು ಮಲಗಿತು. ದಂಟು ಸೀಳಿದರೆ ಒಳಗಿನ ನಾರಿನ ಮೇಲೆಲ್ಲ ಇದ್ದಿಲಿನ ಪುಡಿ. ಅದಕ್ಕೆ ಆ ಹಂತದಲ್ಲಿ ಔಷಧವಿಲ್ಲ. ಔಷಧ ಇದ್ದದ್ದು ಜುಲೈನಲ್ಲಿ, ಮಳೆಯ ರೂಪದಲ್ಲಿ.

ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೋಗಿ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿದೆವು. ಆ ದಿನ ಊರಿನವರೆಲ್ಲ ಸಜ್ಜೆರೊಟ್ಟಿ, ಪುಂಡಿಪಲ್ಯೆ ಉಣ್ಣುವ ನೆಪದಲ್ಲಿ ಒಬ್ಬರ ಹೊಲ ಒಬ್ಬರು ನೋಡುತ್ತಾರೆ. ಯಾವ ಇಲಾಖೆಯ ಕ್ಷೇತ್ರೋತ್ಸವಕ್ಕೂ ಇಷ್ಟು ಜನ ಸೇರುವುದಿಲ್ಲ, ಇಷ್ಟು ನಿಷ್ಠುರ ಪರೀಕ್ಷೆಯೂ ಆಗುವುದಿಲ್ಲ. ಕಾಕಾ ನಮ್ಮ ಹೊಲದ ನಡುವೆ ನಿಂತು ಮಡಿಯ ಜೋಳವನ್ನೂ ಮಾವನ ಪಟ್ಟಿಯ ಜೋಳವನ್ನೂ ತೋಳಿನಿಂದ ಅಳೆದು, ಮಾವನನ್ನು ನೋಡಿ, "ಅಣ್ಣಾ, ನಿನ್ನ ಒಡ್ಡಿಗಿಂತ ಸೊಸೆಯ ಮಡಿ ಮೇಲಾಯಿತಲ್ಲ" ಎಂದರು. ಮಾವ ನಕ್ಕರು. ನನ್ನ ಜೊತೆ ಆ ವಿಷಯದಲ್ಲಿ ನಕ್ಕದ್ದು ಅದೇ ಮೊದಲು.

ಫೆಬ್ರುವರಿಯಲ್ಲಿ ಕೀಳುವ ಆಳು ಸಿಗುವುದೇ ದೊಡ್ಡ ಕೆಲಸ. ಎರೆ ಗಟ್ಟಿಯಾಗಿರುತ್ತದೆ, ಒಂದೊಂದು ಗಿಡವನ್ನೂ ಎರಡು ಕೈಯಲ್ಲಿ ಹಿಡಿದು ಎಳೆಯುವ ಹೆಣ್ಣುಮಕ್ಕಳ ಅಂಗೈ ಸಂಜೆಗೆ ಬೊಬ್ಬೆ ಎದ್ದಿರುತ್ತದೆ. ನಮ್ಮ ಭಾಗದಲ್ಲಿ ಜೋಳ ಬಿಟ್ಟು ಕಡಲೆಗೆ ಹೋದವರಲ್ಲಿ ಅರ್ಧ ಜನ ಹೋದದ್ದು ಮಳೆಗೆ ಹೆದರಿ ಅಲ್ಲ, ಈ ಕೀಳುವ ಕೂಲಿಗೆ ಹೆದರಿ. ರಾಶಿ ಯಂತ್ರಕ್ಕೆ ಹಾಕಿ, ಪಟ್ಟಿಯದನ್ನು ಬೇರೆ ತೂಗಿಸಿದೆ. ಮಡಿಯಲ್ಲಿ ಎಕರೆಗೆ ಏಳು ಕ್ವಿಂಟಲ್‌ಗಿಂತ ತುಸು ಮೇಲೆ, ಪಟ್ಟಿಯಲ್ಲಿ ಐದರ ಹತ್ತಿರ. ಕಣಿಕೆಯ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಸೆಣಬು ಮುರಿದ ಎಕರೆ ಮಡಿಯಷ್ಟೇ ಕೊಟ್ಟಿತು, ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಒಂದು ವರ್ಷದ ತೂಕ ನೋಡಿ ಅದರ ಮೇಲೆ ತೀರ್ಪು ಕೊಡುವುದಿಲ್ಲ.

ಬೆಲೆಯ ಬಗ್ಗೆ ಒಂದು ಮಾತು. 2024-25ರಲ್ಲಿ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲ್‌ಗೆ 3,371 ರೂಪಾಯಿ, ಮಾಲ್ದಂಡಿಗೆ 3,421. ವ್ಯತ್ಯಾಸ 50 ರೂಪಾಯಿ. ಮುಂಗಾರಿಯ ಹೈಬ್ರಿಡ್‌ಗೂ, ಐದು ತಿಂಗಳು ಹೊಲ ಬರಿದಿಟ್ಟು ನೀರು ಕೂಡಿಸಿ ಬೆಳೆದ ಬಿಳಿಜೋಳಕ್ಕೂ ಇರುವ ಅಂತರವನ್ನು 50 ರೂಪಾಯಿ ಎಂದು ಲೆಕ್ಕ ಹಾಕಿದವರು ಜೋಳದ ರೊಟ್ಟಿ ಬಡಿದವರಂತೂ ಅಲ್ಲ.

ಹಳ್ಳದ ಮೂಲೆಯ ಅರ್ಧ ಎಕರೆಯದು ಬೇರೆಯೇ ಕಥೆ. ಅಲ್ಲಿನ ರಸಸಾರ 8.9. ಜಿಪ್ಸಮ್ ಹಾಕಬೇಕು, ಅದಕ್ಕಿಂತ ಮೊದಲು ನೀರು ಬಸಿದು ಹೋಗಲು ಕಾಲುವೆ ತೆಗೆಯಬೇಕು. ಸದ್ಯ ಅಲ್ಲಿ ಏನೂ ಬಿತ್ತುತ್ತಿಲ್ಲ.

ಈಗ ಮನೆಯಲ್ಲಿ ನಡೆದಿರುವ ಚರ್ಚೆ ಕೀಳುವುದೋ ಕೊಯ್ಯುವುದೋ ಎಂಬುದು. ಬೇರನ್ನು ಹೊಲದಲ್ಲೇ ಬಿಟ್ಟು ಗೇಣುದ್ದ ಕೂಳೆ ಉಳಿಸಿ ಕೊಯ್ದರೆ ಅಷ್ಟಾದರೂ ಇಂಗಾಲ ಮಣ್ಣಿಗೆ ಸಿಗುತ್ತದೆ ಎಂದು ನಾನು. ಕೂಳೆ ಕುಂಟೆಗೆ ಸಿಕ್ಕಿಕೊಳ್ಳುತ್ತದೆ, ಎತ್ತಿನ ಕಾಲಿಗೆ ಚುಚ್ಚುತ್ತದೆ, ಗೇಣುದ್ದ ಕಣಿಕೆ ಎಂದರೆ ಎಂಟು ದಿನದ ಮೇವು ಎಂದು ಮಾವ. ಅವರು ಹೇಳುವುದರಲ್ಲೂ ಸುಳ್ಳಿಲ್ಲ. ಕೊನೆಗೆ ಎರಡು ಎಕರೆ ಕೊಯ್ಯುವುದು, ಉಳಿದದ್ದು ಕೀಳುವುದು ಎಂದು ಒಪ್ಪಂದವಾಗಿದೆ. ಕೂಳೆಯ ಎರಡು ಎಕರೆ ನನ್ನದು. ಅಲ್ಲಿ ಕುಂಟೆ ಮುರಿದರೆ ಬಡಿಗನಿಗೆ ಕೊಡುವ ದುಡ್ಡೂ ನನ್ನದೇ ಎಂದು ಮಾವ ಈಗಲೇ ಹೇಳಿಟ್ಟಿದ್ದಾರೆ.